ಬರೆಯುವ ಕೈ, ತಿದ್ದುವ ಕಣ್ಣು

ಮೈಸೂರು ನಗರದ ಉತ್ತರಕ್ಕೆ, ಅರಮನೆಯಿಂದ ಸುಮಾರು 5 ಕಿಲೋಮೀಟರು ದೂರದಲ್ಲಿ, ವಿಜಯದಶಮಿಯ ಜಂಬೂಸವಾರಿ ಹೋಗಿ ಮುಟ್ಟುವ ಸ್ಥಳಕ್ಕೆ ಬನ್ನಿಮಂಟಪವೆಂದು ಹೆಸರು. ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನು ಶಮೀವೃಕ್ಷದಲ್ಲಿ ಅಡಗಿಸಿಟ್ಟು, ವರುಷ ತುಂಬಿದ ಮೇಲೆ ಅವನ್ನು ಮರಳಿ ಕೈಗೆ ತೆಗೆದುಕೊಂಡರೆಂಬ ಭಾರತದ ಕಥೆಯನ್ನು ನೆನೆದು, ಮೈಸೂರಿನ ಒಡೆಯರು ಆನೆಯನ್ನೇರಿ ಇಲ್ಲಿಗೆ ಬಂದು, ಬನ್ನಿಯ ಮರವನ್ನು ಪೂಜಿಸಿ, ಪಂಜಿನ ಬೆಳಕಿನಲ್ಲಿ ಅರಮನೆಗೆ ಹಿಂದಿರುಗುತ್ತಿದ್ದರು. ಇದು ಶಸ್ತ್ರದ ಮಾತಾಯಿತು. ಆದರೆ ಅದೇ ನವರಾತ್ರಿಯಲ್ಲಿ, ಮೂಲಾ ನಕ್ಷತ್ರದಂದು ಪೀಠದ ಮೇಲೆ ಜೋಡಿಸಿಟ್ಟ ಪುಸ್ತಕಗಳನ್ನೂ, ಆಯುಧಪೂಜೆಯ ದಿನ ಕತ್ತಿಯೊಡನೆಯೋ ತಕ್ಕಡಿಯೊಡನೆಯೋ ಕುಂಕುಮವಿಟ್ಟುಕೊಂಡ ಲೇಖನಿಯನ್ನೂ ಮುಟ್ಟದೆ ಕಾದಿದ್ದ ಮನೆಗಳಲ್ಲಿ, ವಿಜಯದಶಮಿಯ ಬೆಳಗ್ಗೆ ಅವನ್ನು ಮತ್ತೆ ತೆರೆದು ಒಂದೆರಡು ಸಾಲನ್ನಾದರೂ ಓದಿ ಬರೆಯುವುದೂ, ಎಳೆಯ ಮಕ್ಕಳ ಕೈ ಹಿಡಿದು ಹರಿವಾಣದ ಅಕ್ಕಿಯ ಮೇಲೆ ಮೊದಲ ಅಕ್ಷರವನ್ನು ತಿದ್ದಿಸುವುದೂ ರೂಢಿಯಾಗಿ ಬಂದಿದೆ. ಬನ್ನಿಯ ಹಬ್ಬವು ಕತ್ತಿ ಹಿಡಿದವರದು ಎಷ್ಟೋ, ಬಳಪ ಹಿಡಿದವರದೂ ಅಷ್ಟೇ ಎಂಬುದನ್ನು ದಸರೆಯ ವರ್ಣನೆ ಬರೆಯುವವರು ಸಾಮಾನ್ಯವಾಗಿ ಮರೆಯುತ್ತಾರೆ.

ಬನ್ನಿಮಂಟಪದ ಬಡಾವಣೆಗೆ ಬರವಣಿಗೆಯೊಡನೆ ಇನ್ನೊಂದು ವಿಚಿತ್ರವಾದ ಸಂಬಂಧವೂ ಉಂಟು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಸ್ಥಾಪಿತವಾಯಿತು. ಕಾಡಿನಿಂದ ಬಂದ ಅರಗು ಇಲ್ಲಿ ಲಕ್ಕೋಟೆಗೆ ಮುದ್ರೆಯೊತ್ತುವ ಅರಗಾಯಿತು. ಮುಂದೆ ಸರ್ಕಾರಿ ಉದ್ಯಮವಾಗಿ ಈಗ ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನಿಂದ ನಡೆಯುತ್ತಿರುವ ಅದೇ ಕಾರ್ಖಾನೆಯು 1962ರ ಮಹಾಚುನಾವಣೆಯಿಂದ ಮೊದಲ್ಗೊಂಡು ದೇಶಕ್ಕೆಲ್ಲ ಅಳಿಸಲಾಗದ ಶಾಯಿಯನ್ನು ಒದಗಿಸುತ್ತಿದೆ. ಬೆಳ್ಳಿಯ ಲವಣವನ್ನು ಕೂಡಿದ ಈ ದ್ರವವು ಮತದಾರನ ಎಡಗೈಯ ತೋರುಬೆರಳಿಗೆ ತಗುಲಿ, ಬಿಸಿಲು ಕಂಡೊಡನೆ ಕಪ್ಪಾಗಿ, ವಾರಗಟ್ಟಲೆ ನಿಲ್ಲುತ್ತದೆ. ಅಕ್ಷರವನ್ನೇ ಬರೆಯದ ಮಸಿ ಇದು. ಪಂಡಿತನ ಬೆರಳಿಗೂ ಹೆಬ್ಬೆಟ್ಟು ಒತ್ತುವವನ ಬೆರಳಿಗೂ ಒಂದೇ ಗೆರೆಯನ್ನು ಎಳೆಯುತ್ತದೆ. ಆದರೆ ಈ ಸಮಾನತೆಯು ಮಸಿಗೆ ಬಂದುದು ತೀರ ಇತ್ತೀಚೆಗೆ. ಅದಕ್ಕೆ ಹಿಂದಿನ ಮೂರು ಶತಮಾನಗಳ ಕಾಲ ಈ ಸೀಮೆಯಲ್ಲಿ ಬರೆಯಬಲ್ಲವರಾರು, ಅವರು ಆ ಬಲ್ಲತನವನ್ನು ಹೇಗೆ ಸಂಪಾದಿಸಿದರು ಎಂಬುದೇ ಈ ಲೇಖನದ ವಿಷಯ.

ಮೊದಲು ಓಲೆಯ ಕಾಲ. ಒಣಗಿಸಿ ಹದಮಾಡಿದ ತಾಳೆಯ ಗರಿಯ ಮೇಲೆ ಕಬ್ಬಿಣದ ಕಂಠದಿಂದ ಅಕ್ಷರವನ್ನು ಕೊರೆದು, ಆಮೇಲೆ ಕಾಡಿಗೆಯನ್ನೋ ಸೊಪ್ಪಿನ ರಸವನ್ನೋ ಬಳಿದು ಒರೆಸಿದರೆ ಕೊರೆದ ಗೆರೆ ಮಾತ್ರ ಕಪ್ಪಾಗಿ ಕಣ್ಣಿಗೆ ಕಾಣುತ್ತಿತ್ತು. ಗರಿ ಕಿರಿದು, ಶ್ರಮ ಬಹಳ. ಆದುದರಿಂದ ಪದಪದಗಳ ನಡುವೆ ಎಡೆಬಿಡುವ ಮಾತಿಲ್ಲ, ವಾಕ್ಯದ ಕೊನೆಗೆ ಗುರುತಿಲ್ಲ, ಪದ್ಯಕ್ಕೂ ಗದ್ಯಕ್ಕೂ ಕಣ್ಣಿಗೆ ತೋರುವ ಭೇದವಿಲ್ಲ. ಒಂದು ಬದಿಯಿಂದ ಇನ್ನೊಂದು ಬದಿಗೆ ಅಕ್ಷರಗಳ ಅಖಂಡ ಧಾರೆ. ಅದನ್ನು ಬಿಡಿಸಿ ಓದಬೇಕಾದವನು ಕಾವ್ಯವನ್ನು ಮೊದಲೇ ಕಿವಿಯಿಂದ ಬಲ್ಲವನಾಗಿರಬೇಕು. ಹೀಗಾಗಿ ಆ ಕಾಲದ ಲೇಖಕನ ಶಿಕ್ಷಣವು ಕಣ್ಣಿನಿಂದಲ್ಲ, ಕಿವಿಯಿಂದ ಆರಂಭವಾಗುತ್ತಿತ್ತು. ಕೂಲಿಮಠದ ಜಗಲಿಯ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದುವುದು, ಬಾಯಿಪಾಠವಾಗಿ ಮಗ್ಗಿ, ಅಮರಕೋಶ, ಒಂದೆರಡು ಶತಕಗಳು, ಸಂಜೆಯಾದರೆ ಗುಡಿಯಲ್ಲಿ ಕುಮಾರವ್ಯಾಸನ ವಾಚನ, ಮಹಾನವಮಿ ಬಂದಿತೆಂದರೆ ಮಠದ ಅಯ್ಯನವರ ಹಿಂದೆ ಚೌಪದ ಹೇಳುತ್ತ ಮನೆಮನೆಗೆ ತಿರುಗುವುದು: ಇಷ್ಟರಲ್ಲಿ ಹುಡುಗನ ಬಾಯಿಗೆ ಭಾಷೆಯ ನಡೆ ಹತ್ತಿಬಿಡುತ್ತಿತ್ತು. ಮುಂದಿನದೆಲ್ಲ ಪ್ರತಿಮಾಡುವ ಕೆಲಸ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ದಾನಮಾಡಿದಳೆಂದು ನಾವು ಅಭಿಮಾನದಿಂದ ಹೇಳುತ್ತೇವಷ್ಟೆ. ಆ ಸಾವಿರ ಪ್ರತಿಗಳನ್ನು ಬೆನ್ನು ಬಾಗಿಸಿ ಕುಳಿತು ಕೊರೆದ ಕೈಗಳ ಹೆಸರನ್ನು ಯಾರೂ ಕೇಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಕನ್ನಡದ ಮೊದಲ ಲೇಖನಶಾಲೆಯೆಂದರೆ ಆ ಅನಾಮಧೇಯರ ಸಾಲೇ ಸರಿ.

ಓಲೆಯು ಕಾವ್ಯಕ್ಕೆ ಮೀಸಲು. ಲೆಕ್ಕಕ್ಕೆ ಬೇರೆ ಸಾಧನ ಬೇಕಾಗಿತ್ತು. ಅದೇ ಕಡತ. ಹತ್ತಿಯ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು ಕಪ್ಪಗೆ ಗಟ್ಟಿಮಾಡಿ, ಬೀಸಣಿಗೆಯ ಮಡಿಕೆಗಳಂತೆ ಹಿಂದುಮುಂದಾಗಿ ಮಡಿಸಿ, ಎರಡು ಕಡೆಗೂ ಹಲಗೆ ಕಟ್ಟಿದ ಈ ಉದ್ದನೆಯ ಪುಸ್ತಕದ ಮೇಲೆ ಶಾನುಭೋಗರು ಬಿಳಿಯ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಮತ್ತೆ ಬರೆಯಬಹುದು. ಒರೆಸದೆ ಜೋಪಾನವಾಗಿಟ್ಟರೆ ಶತಮಾನಗಳ ಕಾಲ ಉಳಿಯುವುದೂ ಉಂಟು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ತನ್ನ ಇತಿಹಾಸಗ್ರಂಥದಲ್ಲಿ ಈ ಕಡತಗಳನ್ನು ವಿವರವಾಗಿ ವರ್ಣಿಸಿದ್ದಾನೆ. ಶೃಂಗೇರಿಯ ಮಠದಲ್ಲಿ ಅವು ಇಂದಿಗೂ ರಾಶಿಯಾಗಿ ಇವೆ. ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ಆಡಳಿತವನ್ನು ಹದಿನೆಂಟು ವಿಭಾಗಗಳಾಗಿ ಏರ್ಪಡಿಸಿ ಅಠಾರ ಕಚೇರಿಯನ್ನು ಸ್ಥಾಪಿಸಿದಾಗ, ಈ ಕಡತ ಬರೆಯುವ ಕೈಗಳಿಗೆ ಹಿಂದೆಂದೂ ಇಲ್ಲದ ಬೇಡಿಕೆ ಉಂಟಾಯಿತು. ಗದ್ಯ ಬರೆಯುವ ನಮ್ಮ ಅಭ್ಯಾಸವು ಕಾವ್ಯದಿಂದ ಇಳಿದುಬಂದಿತೆಂದು ಸಾಹಿತ್ಯಚರಿತ್ರೆಕಾರರು ಹೇಳುವುದುಂಟು. ನಾನು ಅದನ್ನು ಪೂರ್ತಿಯಾಗಿ ಒಪ್ಪಲಾರೆ. ಗದ್ದೆಯ ಎಲ್ಲೆಯನ್ನೂ, ಕಂದಾಯದ ಬಾಕಿಯನ್ನೂ, ಎರಡು ಕಕ್ಷಿಯವರ ತಕರಾರನ್ನೂ ಅನ್ಯಾರ್ಥಕ್ಕೆ ಎಡೆಗೊಡದಂತೆ ನಾಲ್ಕು ಸಾಲಿನಲ್ಲಿ ಬರೆಯಬೇಕಾಗಿದ್ದ ಶಾನುಭೋಗನು ಗದ್ಯದ ಶಿಸ್ತನ್ನು ಕವಿಗಿಂತ ಮೊದಲೇ ಅರಿತಿದ್ದನು. ಅವನು ಅದನ್ನು ಕಲಿತುದು ತಂದೆಯ ಅಥವಾ ಸೋದರಮಾವನ ಪಕ್ಕದಲ್ಲಿ ಕುಳಿತು, ಹಳೆಯ ಕಡತಗಳನ್ನು ನಕಲು ಮಾಡಿ. ಆ ವಿದ್ಯೆಯು ಮನೆತನದ ಹೊರಗೆ ಹೋಗದಂತೆ ಅವನು ಕಾದುಕೊಂಡನೆಂಬುದೂ, ಅದರಿಂದ ರೈತನು ಪಟ್ಟ ಬವಣೆಯೂ ಅಷ್ಟೇ ಸತ್ಯ.

ಅದೇ ಚಿಕ್ಕದೇವರಾಜರ ಆಸ್ಥಾನದಲ್ಲಿ, ಅದೇ ಕಾಲದಲ್ಲಿ, ಮನೆತನದ ಈ ಬೇಲಿಯನ್ನು ದಾಟಿ ಒಬ್ಬ ಹೆಣ್ಣುಮಗಳು ಬರೆದುದು ನಮ್ಮ ಚರಿತ್ರೆಯ ಆಶ್ಚರ್ಯಗಳಲ್ಲಿ ಒಂದು. ಎಳಂದೂರಿನ ಹೊನ್ನಮ್ಮನು ಅರಮನೆಗೆ ಬಂದುದು ಸಂಚಿಯ ಊಳಿಗಕ್ಕೆ. ರಾಣಿ ದೇವಾಜಮ್ಮಣ್ಣಿಯವರಿಗೆ ಎಲೆಯಡಕೆಯ ಸಂಚಿಯನ್ನು ಹಿಡಿದು ನಿಲ್ಲುವ ಕೆಲಸ. ಆದರೆ ಆ ನಿಲ್ಲುವಿಕೆಯು ಎಂತಹ ಸಭೆಯಲ್ಲಿ! ತಿರುಮಲಾರ್ಯ, ಚಿಕುಪಾಧ್ಯಾಯ, ಕನ್ನಡದ ಮೊದಲ ನಾಟಕವೆನಿಸಿದ ಮಿತ್ರವಿಂದಾ ಗೋವಿಂದವನ್ನು ರಚಿಸಿದ ಸಿಂಗರಾರ್ಯ, ಇವರ ಮಾತು, ವಾದ, ಪದ್ಯವಾಚನಗಳು ದಿನದಿನವೂ ಅವಳ ಕಿವಿಯ ಮೇಲೆ ಬೀಳುತ್ತಿದ್ದುವು. ಸಿಂಗರಾರ್ಯರೇ ಅವಳಿಗೆ ಗುರುವಾಗಿ ವಿದ್ಯೆಯನ್ನು ಹೇಳಿಕೊಟ್ಟು, ಅವಳ ಶಕ್ತಿಯನ್ನು ರಾಣಿಯ ಮುಂದೆ ಕೊಂಡಾಡಿದರು. ಅರಮನೆಯ ಅಪ್ಪಣೆಯಾಗಿ ಹದಿಬದೆಯ ಧರ್ಮ ಎಂಬ ಸಾಂಗತ್ಯಕೃತಿ ಹುಟ್ಟಿತು. ಪತಿವ್ರತೆಯ ನಡತೆಯನ್ನು ಬೋಧಿಸುವ ಆ ಗ್ರಂಥದ ವಿಷಯವನ್ನು ಈಗಿನವರು ಒಪ್ಪದಿರಬಹುದು. ಆದರೆ ವಿಷಯವು ಅವಳಿಗೆ ಆಸ್ಥಾನದಿಂದ ಬಂದುದು. ಹೆಣ್ಣು ಹುಟ್ಟಿತೆಂದು ಕೊರಗುವವರನ್ನು ನಡುವೆ ನಿಲ್ಲಿಸಿ ಕೇಳುವ ಆ ಸ್ವರ ಅವಳ ಸ್ವಂತದ್ದು. ಸಾಂಗತ್ಯದಂತಹ ಹಾಡುಗಬ್ಬದ ಸರಳ ಛಂದಸ್ಸಿನಲ್ಲಿ, ತತ್ಸಮಗಳ ಭಾರವಿಲ್ಲದ ತಿಳಿಯಾದ ಕನ್ನಡದಲ್ಲಿ ಅವಳು ಬರೆದಳು. ಕೇಳಿ ಕಲಿತವರ ಬರಹದಲ್ಲಿ ಉಸಿರಿನ ಅಳತೆ ತಪ್ಪುವುದಿಲ್ಲವೆಂಬುದಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ.

ಹೈದರ್ ಟಿಪ್ಪೂಗಳ ಕಾಲದಲ್ಲಿ ಕಚೇರಿಗೆ ಮರಾಠಿಯೂ ಪಾರಸಿಯೂ ಸೇರಿ ಬರೆಯುವ ಕೈ ಮೂರು ಭಾಷೆಗಳನ್ನು ಬಲ್ಲುದಾಗಬೇಕಾಯಿತು. 1799ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರು 1831ರಲ್ಲಿ ರಾಜ್ಯಾಧಿಕಾರವನ್ನು ಇಂಗ್ಲಿಷರ ಕಮಿಷನರುಗಳಿಗೆ ಬಿಟ್ಟುಕೊಡಬೇಕಾಗಿ ಬಂದ ಮೇಲೆ, ಅವರ ಆಸ್ಥಾನಕ್ಕೆ ಉಳಿದ ಮುಖ್ಯ ವ್ಯವಸಾಯವೆಂದರೆ ವಿದ್ಯೆ. ಅರಮನೆಯಲ್ಲಿ ಪಂಡಿತರು ಗುಂಪುಗೂಡಿ ಪುರಾಣಗಳನ್ನು ಗದ್ಯಕ್ಕೆ ಇಳಿಸಿದರು. ಕಲ್ಲಚ್ಚಿನ ಮುದ್ರಣವೂ ಅಲ್ಲಿಗೆ ಬಂದಿತು. ಇದಕ್ಕೂ ಮುಂಚೆ, 1823ರಲ್ಲಿ, ಕೆಂಪುನಾರಾಯಣನು ಮುದ್ರಾರಾಕ್ಷಸದ ಕಥೆಯನ್ನೆತ್ತಿಕೊಂಡು ಮುದ್ರಾಮಂಜೂಷವನ್ನು ಬರೆದನು. ಹೊಸಗನ್ನಡ ಗದ್ಯದ ಬಾಗಿಲು ಅಲ್ಲಿ ತೆರೆಯಿತೆನ್ನುವುದು ರೂಢಿ. ಅದನ್ನು ಓದುವವರಿಗೆ ಹಳಗನ್ನಡದ ಪ್ರತ್ಯಯಗಳೂ ಮೈಸೂರಿನ ಬೀದಿಯ ಮಾತೂ ಒಂದೇ ವಾಕ್ಯದಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಡೆಯುವುದು ಕಾಣುತ್ತದೆ. ಶುದ್ಧಿಯನ್ನು ಬಯಸುವವರಿಗೆ ಇದು ದೋಷ. ನನಗಾದರೋ, ಮುಂದೆ ಮಾದರಿಯಿಲ್ಲದೆ ಬರೆಯತೊಡಗಿದ ಒಬ್ಬ ಸಮರ್ಥನು ತನ್ನ ಕಾಲದ ನುಡಿಯನ್ನು ಬರಹಕ್ಕೆ ಹೊಂದಿಸಲು ಪಟ್ಟ ಪಾಡು ಆ ಪುಟಗಳಲ್ಲಿ ಬಚ್ಚಿಡದೆ ಉಳಿದಿರುವುದೇ ಅದರ ಸೊಗಸಾಗಿ ತೋರುತ್ತದೆ.

ಆ ಆಸ್ಥಾನದ ಕೊನೆಯ ದೊಡ್ಡ ಶಿಷ್ಯ ಬಸವಪ್ಪಶಾಸ್ತ್ರಿಗಳು (1843–1891). ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು ಅರಮನೆಯ ಆಶ್ರಯದಲ್ಲಿ ಬೆಳೆದ ಅವರು, ಪಂಡಿತರ ನಡುವೆ ಪದ್ಯ ಕಟ್ಟಿ, ಅವರಿಂದ ತಿದ್ದಿಸಿಕೊಂಡು, ಹದಿಹರೆಯದಲ್ಲಿಯೇ ಕವಿಯೆನಿಸಿದರು. ಶಾಕುಂತಲವನ್ನು ಕನ್ನಡಿಸಿ ಅಭಿನವ ಕಾಳಿದಾಸರೆಂಬ ಬಿರುದನ್ನು ಪಡೆದರು. ಆದರೆ ಅವರ ವಿಷಯದಲ್ಲಿ ನನ್ನನ್ನು ಹೆಚ್ಚಾಗಿ ಹಿಡಿದು ನಿಲ್ಲಿಸುವುದು ಶೂರಸೇನ ಚರಿತ್ರೆಯ ಪ್ರಸಂಗ. ಅದು ಷೇಕ್ಸ್‌ಪಿಯರನ ಒಥೆಲೋ ನಾಟಕದ ಕನ್ನಡ ರೂಪ. ಶಾಸ್ತ್ರಿಗಳಿಗೆ ಇಂಗ್ಲಿಷು ಬಾರದು. ಇಂಗ್ಲಿಷು ಬಲ್ಲ ಸಿ. ಸುಬ್ಬರಾಯರು ಕಥೆಯನ್ನೂ ಮಾತುಗಳ ಭಾವವನ್ನೂ ಎದುರಿಗೆ ಕುಳಿತು ತಿಳಿಸಿಕೊಡುವುದು, ಶಾಸ್ತ್ರಿಗಳು ಅದನ್ನು ಗದ್ಯಪದ್ಯಗಳಾಗಿ ಕನ್ನಡಕ್ಕೆ ಎರೆಯುವುದು, ಹೀಗೆ ಆ ನಾಟಕ ಸಿದ್ಧವಾಯಿತು. ಹಳೆಯ ವಿದ್ಯೆಯ ಕಿವಿಯೂ ಹೊಸ ವಿದ್ಯೆಯ ಕಣ್ಣೂ ಒಂದು ಕೋಣೆಯಲ್ಲಿ ಕೂಡಿ ಬರೆದ ಗ್ರಂಥ ನಮ್ಮಲ್ಲಿ ಅದಕ್ಕಿಂತ ಸ್ಪಷ್ಟವಾದುದು ಇನ್ನೊಂದಿಲ್ಲ.

ಅಷ್ಟುಹೊತ್ತಿಗೆ ಅಚ್ಚುಮೊಳೆ ಬಂದು ಬಹಳ ಕಾಲವಾಗಿದ್ದಿತು. 1817ರಲ್ಲಿ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ಮುದ್ರಿತವಾಯಿತು. 1843ರಲ್ಲಿ ಹರ್ಮನ್ ಮೋಗ್ಲಿಂಗನು ಮಂಗಳೂರ ಸಮಾಚಾರವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದನು. 1859ರಲ್ಲಿ ಮೈಸೂರಿನಲ್ಲಿಯೇ ಭಾಷ್ಯಂ ಭಾಷ್ಯಾಚಾರ್ಯರ ವೃತ್ತಾಂತ ಬೋಧಿನಿಯು ಕಾಣಿಸಿಕೊಂಡಿತು. 1887ರಿಂದ ವೆಸ್ಲಿಯನ್ ಮಿಷನ್ನಿನ ವೃತ್ತಾಂತ ಪತ್ರಿಕೆಯು ಇದೇ ಊರಿನಿಂದ ಹೊರಟಿತು. ತಾತಯ್ಯನೆಂದು ಊರೆಲ್ಲ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಹಗಲು ಮರಿಮಲ್ಲಪ್ಪನವರ ಶಾಲೆಯಲ್ಲಿ ಹುಡುಗರ ಬರಹವನ್ನು ತಿದ್ದಿ, ಉಳಿದ ವೇಳೆಯಲ್ಲಿ ಒಂದರ ಹಿಂದೆ ಒಂದಾಗಿ ಪತ್ರಿಕೆಗಳನ್ನು ನಡೆಸಿ, ಸರ್ಕಾರವನ್ನು ತಿದ್ದಲು ಯತ್ನಿಸಿದರು. ಮುದ್ರಣವು ನಮಗೆ ಪ್ರತಿಗಳ ಸಂಖ್ಯೆಯನ್ನು ಕೊಟ್ಟಿತೆಂದು ಎಲ್ಲರೂ ಬಲ್ಲರು. ಅದು ಪದಗಳ ನಡುವೆ ಎಡೆಯನ್ನು ಕೊಟ್ಟಿತು, ಪೂರ್ಣವಿರಾಮವನ್ನೂ ಪ್ರಶ್ನಾರ್ಥಕವನ್ನೂ ಕೊಟ್ಟಿತು, ಪರಿಚ್ಛೇದವನ್ನು ಕೊಟ್ಟಿತು. ಎಂದರೆ, ಕಿವಿಯ ನೆರವಿಲ್ಲದೆ ಒಬ್ಬನೇ ಕುಳಿತು ಮೌನವಾಗಿ ಓದಬಲ್ಲ ಓದುಗನನ್ನು ಕೊಟ್ಟಿತು. ಗುಡಿಯ ವಾಚನಕ್ಕೆ ಬರೆಯುವವನು ಒಂದು ಬಗೆ, ಈ ಏಕಾಂತದ ಓದುಗನಿಗೆ ಬರೆಯುವವನು ಇನ್ನೊಂದು ಬಗೆ. ಕರಡಚ್ಚನ್ನು ನೋಡುವವನೆಂಬ ಹೊಸ ಗುರುವೂ ಆಗಲೇ ಹುಟ್ಟಿದನು. ತನ್ನದೇ ವಾಕ್ಯವು ಮೊಳೆಯಲ್ಲಿ ಕುಳಿತು ಅಪರಿಚಿತನಂತೆ ಎದುರಾದಾಗ ಅದರ ಕುಂಟುತನ ಕಾಣುವಷ್ಟು ಕೈಬರಹದಲ್ಲಿ ಎಂದೂ ಕಾಣದು.

1891ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಯು ಹಳೆಯ ಓಲೆಗಳನ್ನು ಹೊಸ ಮೊಳೆಗಳಿಗೆ ಒಪ್ಪಿಸುವ ಕಾರ್ಯವನ್ನು ಕೈಗೊಂಡಿತು. ಅಲ್ಲಿಗೆ 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಲಿಪಿಯ ತಾಳೆಯೋಲೆಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. ಮೂಲವನ್ನು 1909ರಲ್ಲಿ ಪ್ರಕಟಿಸಿದರು. ರಾಜನೀತಿಯ ಗ್ರಂಥವೆಂದು ಅದು ಲೋಕಪ್ರಸಿದ್ಧವಾಯಿತು. ಆದರೆ ಅದರ ಎರಡನೆಯ ಅಧಿಕರಣದಲ್ಲಿ ರಾಜಶಾಸನಗಳನ್ನು ಬರೆಯುವ ಕ್ರಮವನ್ನು ಕುರಿತು ಒಂದು ಅಧ್ಯಾಯವುಂಟು. ಬರೆಯುವವರು ಅದನ್ನು ಓದುವುದು ಕಡಮೆ. ಲೇಖಕನಾಗುವವನಿಗೆ ಅಮಾತ್ಯನಿಗೆ ಬೇಕಾದ ಗುಣಗಳೆಲ್ಲ ಇರಬೇಕು, ಅವನು ವೇಗವಾಗಿ ವಾಕ್ಯ ರಚಿಸಬಲ್ಲವನಾಗಿರಬೇಕು, ಅಕ್ಷರ ಸುಂದರವಾಗಿರಬೇಕು, ಬರೆದ ಲೇಖವನ್ನು ಓದಿ ಹೇಳುವ ಸಾಮರ್ಥ್ಯವಿರಬೇಕು ಎಂದು ಕೌಟಿಲ್ಯನು ಕೇಳುತ್ತಾನೆ. ಬರಹದ ಗುಣಗಳೆಂದು ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ ಎಂಬ ಆರನ್ನು ಹೇಳಿ, ದೋಷಗಳನ್ನು ಹೇಳುವಾಗ ಮಾಸಿದ ಗರಿ, ಅಂದಗೆಟ್ಟ ಅಕ್ಷರಗಳಿಂದ ಹಿಡಿದು ಹಿಂದುಮುಂದಿನ ವಿರೋಧ, ಪುನರುಕ್ತಿ, ಲಿಂಗವಚನಗಳ ತಪ್ಪು, ಒಂದಾಗಿರಬೇಕಾದುದನ್ನು ಒಡೆದು ಬೇರೆಯಾಗಿರಬೇಕಾದುದನ್ನು ಕೂಡಿಸುವ ಅವ್ಯವಸ್ಥೆಯವರೆಗೆ ಎಣಿಸುತ್ತಾನೆ. ಪ್ರತಿಭೆ, ಸ್ಫೂರ್ತಿ ಎಂಬ ಮಾತು ಎಲ್ಲಿಯೂ ಇಲ್ಲ. ಬರಹವನ್ನು ಕಲಿಸಬಹುದಾದ, ಪರೀಕ್ಷಿಸಬಹುದಾದ ಒಂದು ಕೌಶಲವೆಂದೇ ಅವನು ಎಣಿಸಿದ್ದಾನೆ. ಮೈಸೂರಿನ ಶಾನುಭೋಗನು ಈ ಅಧ್ಯಾಯವನ್ನು ಓದದೆಯೇ ಅದರಂತೆ ನಡೆದಿದ್ದನು.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ, 1927ರಲ್ಲಿ ಅದರ ಕನ್ನಡ ಎಂ.ಎ. ತರಗತಿಯೂ ಆರಂಭವಾದ ಮೇಲೆ ತಿದ್ದುವವರ ಪೀಠವು ಅರಮನೆಯಿಂದ ಮಹಾರಾಜಾ ಕಾಲೇಜಿಗೆ ಸ್ಥಳಾಂತರವಾಯಿತು. ಅದಕ್ಕೂ ಕೆಲವು ವರ್ಷ ಮೊದಲು, ಮಲೆನಾಡಿನಿಂದ ಬಂದು ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ ಓದುತ್ತಿದ್ದ ಕುಪ್ಪಳಿಯ ಪುಟ್ಟಪ್ಪನವರು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. 1922ರಲ್ಲಿ ಅಂತಹ ಒಂದು ಪುಸ್ತಕವೂ ಅಚ್ಚಾಗಿದ್ದಿತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸರಿಗೆ ಅವರು ತಮ್ಮ ಹಸ್ತಪ್ರತಿಯನ್ನು ತೋರಿಸಿದಾಗ, ಕಸಿನ್ಸರು ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂಬರ್ಥದ ಪ್ರಶ್ನೆಯನ್ನು ಕೇಳಿ, ಕನ್ನಡದಲ್ಲಿ ಬರೆಯುವಂತೆ ಬೋಧಿಸಿದರು. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಒಂದು ಭೇಟಿಯಿಂದ ಕವಿ ಹುಟ್ಟಿದನೆಂಬ ಭಾವನೆ ಬರುವಂತೆ ಹೇಳುತ್ತಾರೆ. ಭೇಟಿಯು ದಾರಿಯನ್ನು ತಿರುಗಿಸಿತು, ನಿಜ. ಆದರೆ ತಿರುಗಿದ ದಾರಿಯಲ್ಲಿ ನಡೆಯಿಸಿದವರು ಟಿ. ಎಸ್. ವೆಂಕಣ್ಣಯ್ಯನವರು: ತಾವು ಹೆಚ್ಚಾಗಿ ಬರೆಯದೆ, ಶಿಷ್ಯರ ಹಸ್ತಪ್ರತಿಗಳನ್ನು ಕೇಳಿ, ಮೆಚ್ಚಿ, ತಿದ್ದಿ, ಅಚ್ಚಿಗೆ ದಾರಿಮಾಡಿದ ಪ್ರಾಧ್ಯಾಪಕರು. ಪುಟ್ಟಪ್ಪನವರು 1936ರಲ್ಲಿ ತೊಡಗಿ 1946ರಲ್ಲಿ ಮುಗಿಸಿದ ಶ್ರೀರಾಮಾಯಣ ದರ್ಶನಂ ಮಹಾಕಾವ್ಯವನ್ನು, ಅದರ ಸಮಾಪ್ತಿಯನ್ನು ಕಾಣದೆ 1939ರಲ್ಲಿಯೇ ತೀರಿಕೊಂಡ ಆ ಗುರುವಿಗೆ ಅರ್ಪಿಸಿದ್ದಾರೆ. ಕೇಳುವವನೊಬ್ಬನಿಗಾಗಿ ಬರೆಯತೊಡಗಿದವನು, ಕೇಳುವವನು ಹೋದ ಮೇಲೂ ಏಳು ವರ್ಷ ಅವನಿಗೇ ಓದಿ ಹೇಳುವಂತೆ ಬರೆಯುತ್ತ ಹೋದನೆಂದು ಆ ಅರ್ಪಣೆಯನ್ನು ಓದಿದಾಗಲೆಲ್ಲ ನನಗೆ ಅನ್ನಿಸುತ್ತದೆ.

ಕಾಲೇಜಿನ ಬಾಗಿಲು ಕಾಣದವರೂ ಇದ್ದರು. ನಂಜನಗೂಡು ತಿರುಮಲಾಂಬ (1887–1982) ಹದಿನಾಲ್ಕರ ವಯಸ್ಸಿಗೆ ವೈಧವ್ಯವನ್ನು ಪಡೆದು, ತಂದೆಯ ಮನೆಯ ಪುಸ್ತಕಗಳ ನಡುವೆ ತಾನೇ ಓದಿ, ಹೆಂಗಸರಿಗೆ ಓದಿ ಹೇಳಿ, ಸತೀಹಿತೈಷಿಣೀ ಗ್ರಂಥಮಾಲೆಯನ್ನು ಹೊರಡಿಸಿದರು. ಬರೆಯುವವಳೂ, ತಿದ್ದುವವಳೂ, ಅಚ್ಚಿಗೆ ಕಳುಹಿಸುವವಳೂ ಅವರೇ. ಕೆಲವು ದಶಕಗಳ ತರುವಾಯ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಓದಿದ ತ್ರಿವೇಣಿಯವರು (1928–1963) ಹತ್ತು ವರ್ಷಗಳ ಅವಧಿಯಲ್ಲಿ ಸುಮಾರು ಇಪ್ಪತ್ತು ಕಾದಂಬರಿಗಳನ್ನು ಬರೆದು ಮೈಸೂರಿನ ಮಧ್ಯಮವರ್ಗದ ಮನೆಯೊಳಗಿನ ಮಾತನ್ನೇ ಗದ್ಯವಾಗಿ ಮಾಡಿದರು.

ಇದಾದ ಮೇಲಿನ ಚರಿತ್ರೆ ಯಂತ್ರದ್ದು. ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆಯಿಂದ ಕನ್ನಡಕ್ಕೆ ಬೆರಳಚ್ಚು ಯಂತ್ರ ಒದಗಿತು. 1963ರ ರಾಜಭಾಷಾ ಅಧಿನಿಯಮದ ಮೇಲೆ ಕಚೇರಿಗಳಲ್ಲಿ ಅದರ ಸದ್ದು ಹೆಚ್ಚಿತು. ಗಣಕಯಂತ್ರ ಬಂದಾಗ ಕೆ. ಪಿ. ರಾಯರು ಕೀಲಿಮಣೆಯನ್ನು ಅಕ್ಷರದ ಆಕಾರಕ್ಕಲ್ಲ, ಅದರ ಉಚ್ಚಾರಕ್ಕೆ ಹೊಂದಿಸಿದರು: ವ್ಯಂಜನ, ಅದಕ್ಕೆ ಸ್ವರ, ಒತ್ತಕ್ಷರ ಬೇಕಾದರೆ ನಡುವೆ ಕೂಡಿಸುವ ಒಂದು ಕೀಲಿ. ಮಠದ ಅಯ್ಯನವರು ಮರಳಿನ ಮೇಲೆ ಹೇಳಿಸುತ್ತಿದ್ದ ಕಾಗುಣಿತವೇ ಅದು; ಕಾಗುಣಿತ ಬಲ್ಲ ಮುದುಕರು ಒಂದೆರಡು ದಿನಗಳಲ್ಲಿ ಅದನ್ನು ಕಲಿತುಬಿಡುವುದೂ, ಅದರಲ್ಲಿ ಎಡವುವ ತರುಣರು ಯಂತ್ರವನ್ನು ದೂರುವುದೂ ಸಾಮಾನ್ಯ ದೃಶ್ಯ.

ಶಾನುಭೋಗಿಕೆಯಾದರೋ 1961ರಲ್ಲಿ ಶಾಸನಸಭೆ ಒಪ್ಪಿದ ಗ್ರಾಮಾಧಿಕಾರಗಳ ರದ್ದಿಯಾತಿಯ ಕಾನೂನಿನಿಂದ ಹೋಯಿತು. ಶಾನುಭೋಗನ ಸ್ಥಾನಕ್ಕೆ ಸಂಬಳದ ಗ್ರಾಮಲೆಕ್ಕಿಗ ಬಂದನು. ಲೆಕ್ಕಿಗರ ಕೈಬರಹ ಹೋದುದು ಇನ್ನೂ ನಾಲ್ಕು ದಶಕಗಳ ಮೇಲೆ, ಭೂಮಿ ಎಂಬ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿ, ಕೈಯಲ್ಲಿ ಬರೆದ ಪಹಣಿಗೆ ಮಾನ್ಯತೆಯಿಲ್ಲವೆಂದು ಸರ್ಕಾರ ಸಾರಿದಾಗ. ರೈತನಿಗೆ ಇದರಿಂದ ಬಿಡುಗಡೆಯಾಯಿತೆಂಬುದರಲ್ಲಿ ಸಂದೇಹವಿಲ್ಲ. ತನ್ನ ಹೊಲದ ಲೆಕ್ಕಕ್ಕೆ ಈಗ ಅವನು ಯಾರ ಮನೆಯ ಜಗಲಿಯನ್ನೂ ಹತ್ತಬೇಕಾಗಿಲ್ಲ. ಆದರೆ ಹಳೆಯ ಪುಸ್ತಕದಲ್ಲಿದ್ದ ತಪ್ಪುಗಳೂ, ಹಳೆಯ ಕೈಬರಹವನ್ನು ಓದಲರಿಯದೆ ಹೊಸದಾಗಿ ಸೇರಿಸಿದ ತಪ್ಪುಗಳೂ ಕೂಡಿ ಯಂತ್ರದೊಳಗೆ ಕುಳಿತುಬಿಟ್ಟುವು. ಒಂದು ದೀರ್ಘವೋ ಒಂದು ಅಂಕಿಯೋ ತಪ್ಪಿಹೋದುದಕ್ಕೆ ಪಹಣಿ ತಿದ್ದುಪಡಿಯ ಅರ್ಜಿ ಹಿಡಿದವರು ಮೈಸೂರು ತಾಲ್ಲೂಕು ಕಚೇರಿಯ ಮುಂದೆ ಇಂದಿಗೂ ಸರದಿಯಲ್ಲಿ ನಿಲ್ಲುತ್ತಾರೆ. ಆ ಅರ್ಜಿಯನ್ನು ಬರೆದುಕೊಡುವ ಪತ್ರಬರಹಗಾರರು ತಮ್ಮ ಕಸುಬನ್ನು ಕಲಿತುದು ಹಿರಿಯ ಬರಹಗಾರರ ಪಕ್ಕದಲ್ಲಿ ಕುಳಿತು, ಅವರ ಪತ್ರಗಳನ್ನು ನಕಲು ಮಾಡಿಯೇ.